ಬುದ್ಧಿಶಕ್ತಿ ಅಧ್ಯಾಯದ ಟಿಪ್ಪಣಿ: ಹುಟ್ಟು, ಉಪ್ಪು, ಶಾಲೆ

ಬಿ.ಎಡ್. ಮನೋವಿಜ್ಞಾನದಲ್ಲಿ ಬುದ್ಧಿಶಕ್ತಿಯ ಅಧ್ಯಾಯ ಚಿಕ್ಕದು. ಒಂದು ಸೂತ್ರ, ನಾಲ್ಕೈದು ವಿಜ್ಞಾನಿಗಳ ಹೆಸರು, ಕೊನೆಗೆ ‘ಅನುವಂಶೀಯತೆ ಮತ್ತು ಪರಿಸರ ಎರಡೂ ಮುಖ್ಯ’ ಎಂಬ ಒಂದು ಸಾಲು. ಪರೀಕ್ಷೆ ಬರೆಯಲು ಇಷ್ಟು ಸಾಕು. ಆದರೆ ನಾಳೆ ನಮ್ಮ ಉತ್ತರ ಕನ್ನಡದ ಕುಮಟಾದಲ್ಲೋ ಸಿದ್ದಾಪುರದಲ್ಲೋ ನಾವು ಒಂದು ಶಾಲೆಗೆ ಸೇರಿದಾಗ ಕಿವಿಗೆ ಬೀಳುವ ಮಾತು ಬೇರೆ: ‘ಅವನ ತಲೆಯೇ ಅಷ್ಟು ಮಾರಾಯ್ರೆ, ಮನೆಯವರೂ ಹಾಗೇ.’ ಈ ಮಾತು ಎಷ್ಟು ಸರಿ ಎಂದು ತಿಳಿಯಬೇಕಾದರೆ ಆ ಕೊನೆಯ ಸಾಲನ್ನು ಬಿಡಿಸಿ ನೋಡಬೇಕು. ಈ ಟಿಪ್ಪಣಿ ಹೆಚ್ಚಾಗಿ ಅದರ ಬಗ್ಗೆಯೇ.

ಪರೀಕ್ಷೆ ಎಲ್ಲಿಂದ ಬಂತು

1905ರಲ್ಲಿ ಪ್ಯಾರಿಸ್‌ನ ಆಲ್ಫ್ರೆಡ್ ಬಿನೆ ಮತ್ತು ಥಿಯೋಡೋರ್ ಸೈಮನ್ ಮೊದಲ ಬುದ್ಧಿ ಪರೀಕ್ಷೆ ತಯಾರಿಸಿದರು. ಶಾಲೆಯಲ್ಲಿ ಹಿಂದೆ ಬಿದ್ದ ಮಕ್ಕಳಲ್ಲಿ ಯಾರಿಗೆ ವಿಶೇಷ ನೆರವು ಬೇಕು ಎಂದು ಕಂಡುಹಿಡಿಯುವುದು ಅವರ ಉದ್ದೇಶವಾಗಿತ್ತು. 1908ರಲ್ಲಿ ‘ಮಾನಸಿಕ ವಯಸ್ಸು’ ಬಂತು, ಅಂದರೆ ಮಗು ಯಾವ ವಯಸ್ಸಿನವರ ಮಟ್ಟದ ಪ್ರಶ್ನೆಗಳನ್ನು ಬಿಡಿಸಬಲ್ಲದು ಎಂಬ ಲೆಕ್ಕ. 1912ರಲ್ಲಿ ಜರ್ಮನಿಯ ವಿಲಿಯಂ ಸ್ಟರ್ನ್ ಅದನ್ನು ನಿಜ ವಯಸ್ಸಿನಿಂದ ಭಾಗಿಸಿದರು. 1916ರಲ್ಲಿ ಅಮೆರಿಕದ ಲೂಯಿಸ್ ಟರ್ಮನ್ ಅದನ್ನು 100ರಿಂದ ಗುಣಿಸಿ ಐಕ್ಯೂ ಮಾಡಿದರು. ಹತ್ತು ವರ್ಷದ ಮಗುವಿನ ಮಾನಸಿಕ ವಯಸ್ಸು ಎಂಟು ಆದರೆ ಐಕ್ಯೂ 80.

ಬುದ್ಧಿ ಎಂದರೆ ಅಳೆದಿಟ್ಟ, ಜಾಸ್ತಿ ಮಾಡಲಾಗದ ವಸ್ತು ಎಂದು ಹೇಳುವವರನ್ನು ಬಿನೆ 1909ರಲ್ಲೇ ಖಂಡಿಸಿದ್ದರು. ಅದು ಕ್ರೂರ ನಿರಾಶಾವಾದ, ಅದನ್ನು ವಿರೋಧಿಸಬೇಕು ಎಂದರು. ನಮ್ಮ ನೋಟ್ಸುಗಳಲ್ಲಿ ಸೂತ್ರ ಉಳಿದಿದೆ, ಈ ಮಾತು ಉಳಿದಿಲ್ಲ.

ಈಗಿನ ಹೆಚ್ಚಿನ ಪರೀಕ್ಷೆಗಳಲ್ಲಿ ಭಾಗಾಕಾರ ಇಲ್ಲ. 1939ರಲ್ಲಿ ಡೇವಿಡ್ ವೆಕ್ಸ್ಲರ್ ತೋರಿಸಿದ ದಾರಿ ಇದು: ಅದೇ ವಯಸ್ಸಿನ ಉಳಿದವರ ನಡುವೆ ಈ ವ್ಯಕ್ತಿ ಎಲ್ಲಿ ನಿಲ್ಲುತ್ತಾನೆ ಎಂದು ನೋಡುವುದು. ಸರಾಸರಿ 100, ಮಾನಕ ವಿಚಲನೆ (ಅಂಕಗಳು ಸರಾಸರಿಯಿಂದ ಎಷ್ಟು ಚದುರಿವೆ ಎಂಬ ಅಳತೆ) 15. ಮೂರರಲ್ಲಿ ಎರಡು ಪಾಲು ಜನ 85ರಿಂದ 115ರ ಒಳಗೆ ಬರುತ್ತಾರೆ.

ನಮಗೆ ಹತ್ತಿರದ ಒಂದು ವಿಷಯ. ವಿ.ವಿ. ಕಾಮತ್ ಅವರು 1930ರ ದಶಕದಲ್ಲಿ ಬಿನೆ ಪರೀಕ್ಷೆಯನ್ನು ಕನ್ನಡ ಮತ್ತು ಮರಾಠಿ ಮಕ್ಕಳಿಗೆ ಹೊಂದಿಸಿದರು. ಅದಕ್ಕೆ ಬಾಂಬೆ-ಕರ್ನಾಟಕ ಪರಿಷ್ಕರಣೆ ಎಂದು ಹೆಸರು. ಆಗ ಕಾರವಾರ, ಶಿರಸಿ ಎಲ್ಲ ಮುಂಬೈ ಪ್ರಾಂತದಲ್ಲೇ ಇದ್ದವು. ಬಿನೆ-ಕಾಮತ್ ಪರೀಕ್ಷೆ ಎಂದು ಇಂದಿಗೂ ಆಸ್ಪತ್ರೆಗಳಲ್ಲಿ, ಕಲಿಕಾ ನ್ಯೂನತೆಯ ತಪಾಸಣೆಯಲ್ಲಿ ಬಳಸುವುದು ಇದನ್ನೇ. ಇದರಲ್ಲಿ ಹಳೆಯ ಭಾಗಾಕಾರದ ಲೆಕ್ಕ ಇನ್ನೂ ಇದೆ. ಕೊನೆಗೆ ಇದರ ವಿಷಯಕ್ಕೆ ಮತ್ತೆ ಬರುತ್ತೇನೆ.

1904ರ ಸ್ಪಿಯರ್‌ಮನ್ ಬಗ್ಗೆ ಎರಡೇ ಮಾತು. ಒಂದು ಬಗೆಯ ಪರೀಕ್ಷೆಯಲ್ಲಿ ಚೆನ್ನಾಗಿ ಮಾಡುವವರು ಉಳಿದವುಗಳಲ್ಲೂ ಸಾಮಾನ್ಯವಾಗಿ ಚೆನ್ನಾಗಿ ಮಾಡುತ್ತಾರೆ. ಈ ಸಮಾನ ಅಂಶಕ್ಕೆ ಅವರು ‘ಜಿ’ ಎಂದರು, ನೂರು ವರ್ಷಗಳ ದತ್ತಾಂಶದಲ್ಲಿ ಅದು ಮತ್ತೆ ಮತ್ತೆ ಕಂಡಿದೆ. ಹೊವಾರ್ಡ್ ಗಾರ್ಡ್ನರ್ 1983ರಲ್ಲಿ ಹೇಳಿದ ಬಹುಮುಖ ಬುದ್ಧಿಶಕ್ತಿ (ಭಾಷೆ, ಲೆಕ್ಕ, ಸಂಗೀತ ಹೀಗೆ ಬುದ್ಧಿ ಹಲವು ಬಗೆ ಎಂಬ ವಾದ) ನಮ್ಮ ಪಠ್ಯದಲ್ಲಿ ಜಾಸ್ತಿ ಜಾಗ ಪಡೆದಿದೆ. ಕೇಳಲು ಹಿತವಾಗಿದೆ ನಿಜ, ಆದರೆ ಅದಕ್ಕೆ ಪುರಾವೆ ತುಂಬಾ ಕಡಿಮೆ. ಉತ್ತರ ಬರೆಯುವಾಗ ಎರಡನ್ನೂ ಒಂದೇ ತೂಕದಲ್ಲಿ ಇಡಬೇಡಿ.

ಅನುವಂಶೀಯತೆಯ ಶೇಕಡಾವಾರು

ಇಲ್ಲಿ ನಿಧಾನವಾಗಿ ಓದಿ. ಹೆಚ್ಚಿನವರು ಎಡವುವುದು ಇಲ್ಲೇ.

ತದ್ರೂಪಿ ಅವಳಿಗಳ ಜೀನ್‌ಗಳು ಹೆಚ್ಚು ಕಡಿಮೆ ಪೂರ್ತಿ ಒಂದೇ. ಸಾಮಾನ್ಯ ಅವಳಿಗಳಲ್ಲಿ, ಅಣ್ಣತಮ್ಮಂದಿರಲ್ಲಿ ಇರುವ ಹಾಗೆ, ಬೇರೆಬೇರೆಯಾಗಬಲ್ಲ ಜೀನ್‌ಗಳಲ್ಲಿ ಸರಾಸರಿ ಅರ್ಧದಷ್ಟು ಒಂದೇ. ಈ ಎರಡು ಗುಂಪುಗಳ ಹೋಲಿಕೆ ಎಷ್ಟು ಎಂದು ತೂಗಿ ಅನುವಂಶೀಯತೆಯ ಲೆಕ್ಕ ಹಾಕುತ್ತಾರೆ. ನಾಲ್ಕು ದೇಶಗಳ ಸುಮಾರು 11,000 ಜೋಡಿ ಅವಳಿಗಳ ದತ್ತಾಂಶ ಸೇರಿಸಿದ ಅಧ್ಯಯನ 2010ರಲ್ಲಿ ಪ್ರಕಟವಾಯಿತು. ಅದರ ಪ್ರಕಾರ ಒಂಬತ್ತನೇ ವಯಸ್ಸಿನಲ್ಲಿ ಅನುವಂಶೀಯತೆ ಶೇ. 41, ಹನ್ನೆರಡಕ್ಕೆ 55, ಹದಿನೇಳಕ್ಕೆ 66. ವಯಸ್ಸಾದಂತೆ ಇದು ಏರುತ್ತದೆ. ಚಿಕ್ಕ ಮಗು ಮನೆಯವರು ಕೊಟ್ಟ ಪರಿಸರದಲ್ಲಿ ಇರುತ್ತದೆ. ದೊಡ್ಡವರಾದಂತೆ ಪುಸ್ತಕ, ಗೆಳೆಯರು, ಹವ್ಯಾಸ ಎಲ್ಲವನ್ನೂ ನಮ್ಮ ಒಲವಿನಂತೆ ನಾವೇ ಆರಿಸಿಕೊಳ್ಳುತ್ತೇವೆ. ಏರಿಕೆಗೆ ಇದು ಮುಖ್ಯ ಕಾರಣ ಎಂದು ಹೇಳುತ್ತಾರೆ.

ಹಾಗಾದರೆ ಶೇ. 66 ಎಂದರೆ ಒಬ್ಬ ಹುಡುಗಿಯ ಬುದ್ಧಿಯಲ್ಲಿ ಮೂರರಲ್ಲಿ ಎರಡು ಪಾಲು ಅಪ್ಪ-ಅಮ್ಮನಿಂದ ಬಂತು ಎಂದೇ? ಖಂಡಿತ ಅಲ್ಲ. ಆ ಅಂಕಿ ಒಬ್ಬ ವ್ಯಕ್ತಿಯ ಬಗ್ಗೆ ಏನೂ ಹೇಳುವುದಿಲ್ಲ. ಒಂದು ಗುಂಪಿನೊಳಗೆ ಜನರ ನಡುವೆ ಇರುವ ವ್ಯತ್ಯಾಸದಲ್ಲಿ ಎಷ್ಟು ಪಾಲು ಜೀನ್ ವ್ಯತ್ಯಾಸದ ಜೊತೆ ಹೋಗುತ್ತದೆ ಎಂದಷ್ಟೇ ಹೇಳುತ್ತದೆ. ಅದೂ ಆ ಗುಂಪು, ಆ ಕಾಲ, ಆ ಪರಿಸರಕ್ಕೆ ಮಾತ್ರ.

ರಿಚರ್ಡ್ ಲೆವೊಂಟಿನ್ 1970ರಲ್ಲಿ ಇದನ್ನು ಬೀಜದ ಉದಾಹರಣೆಯಿಂದ ವಿವರಿಸಿದರು. ನಮ್ಮ ಅಘನಾಶಿನಿ ದಂಡೆಗೆ ತಂದು ಹೇಳುತ್ತೇನೆ. ಒಂದು ಚೀಲ ಕಗ್ಗ ಭತ್ತ ಇದೆ ಎಂದುಕೊಳ್ಳಿ. ಬೀಜ ಬೀಜಕ್ಕೂ ಸ್ವಲ್ಪ ವ್ಯತ್ಯಾಸ ಇದೆ. ಅರ್ಧವನ್ನು ಒಳ್ಳೆಯ ಮೆಕ್ಕಲಿನ ಗಜನಿಗೆ (ಉಪ್ಪುನೀರು ಬರುವ ನದಿದಂಡೆಯ ಗದ್ದೆಗೆ) ಬಿತ್ತಿ. ಉಳಿದರ್ಧವನ್ನು ಸಾರವೇ ಇಲ್ಲದ ಗದ್ದೆಗೆ. ಪ್ರತಿ ಗದ್ದೆಯ ಒಳಗೆ ಮಣ್ಣು ಒಂದೇ ಸಮ ಇದ್ದರೆ, ಗಿಡ ಗಿಡದ ಎತ್ತರದ ವ್ಯತ್ಯಾಸ ಪೂರ್ತಿ ಬೀಜದ್ದು, ಅಂದರೆ ಅನುವಂಶೀಯತೆ ಶೇ. 100. ಆದರೂ ಎರಡು ಗದ್ದೆಗಳ ನಡುವಿನ ವ್ಯತ್ಯಾಸ ಪೂರ್ತಿ ಮಣ್ಣಿನದು. ಒಳಗಿನ ಅಂಕಿಯನ್ನು ನೋಡಿ ‘ಆ ಕೇರಿಯ ಮಕ್ಕಳು ಹುಟ್ಟಿನಿಂದಲೇ ಹಿಂದೆ’ ಎನ್ನುವುದು ಎಷ್ಟು ದೊಡ್ಡ ತಪ್ಪು ಎಂದು ಇದರಿಂದ ತಿಳಿಯುತ್ತದೆ ಅಲ್ವಾ? ಈ ತಪ್ಪು ಪುಸ್ತಕದಲ್ಲಷ್ಟೇ ಉಳಿದಿಲ್ಲ. ಇಂಥ ತೀರ್ಮಾನಗಳ ಮೇಲೆ ಅಮೆರಿಕದಲ್ಲಿ ಸಾವಿರಾರು ಜನರಿಗೆ ಬಲವಂತದ ಸಂತಾನಹರಣ ಮಾಡಿದರು. 1927ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಕೂಡ ಅದಕ್ಕೆ ಒಪ್ಪಿಗೆ ಕೊಟ್ಟಿತು.

2003ರಲ್ಲಿ ಎರಿಕ್ ಟರ್ಕ್‌ಹೈಮರ್ ಏಳು ವರ್ಷದ ಅವಳಿಗಳನ್ನು ನೋಡಿದರು. ಅನುಕೂಲಸ್ಥ ಮನೆಗಳಲ್ಲಿ ಐಕ್ಯೂ ಅನುವಂಶೀಯತೆ ಹೆಚ್ಚಿತ್ತು. ತೀರಾ ಬಡ ಮನೆಗಳಲ್ಲಿ ಅದು ಸೊನ್ನೆಯ ಹತ್ತಿರ! ಅಲ್ಲಿ ವ್ಯತ್ಯಾಸದ ಹೆಚ್ಚಿನ ಪಾಲು ಮನೆಯ ಸ್ಥಿತಿಯದು. ಇದು ಅಮೆರಿಕದ ಫಲಿತಾಂಶ. ಪಶ್ಚಿಮ ಯುರೋಪ್ ಮತ್ತು ಆಸ್ಟ್ರೇಲಿಯಾದಲ್ಲಿ ಇಷ್ಟು ಸ್ಪಷ್ಟವಾಗಿ ಕಂಡಿಲ್ಲ. ಅಲ್ಲಿ ಬಡವರಿಗೂ ಆರೋಗ್ಯ, ಶಿಕ್ಷಣದ ಆಸರೆ ಹೆಚ್ಚು ಇರುವುದು ಒಂದು ಕಾರಣ ಇರಬಹುದು.

ಇನ್ನೊಂದು ಅಧ್ಯಯನ ನನಗೆ ಬಹಳ ಮುಖ್ಯ ಅನ್ನಿಸುತ್ತದೆ. 1999ರಲ್ಲಿ ಫ್ರಾನ್ಸಿನ ಮಿಷೆಲ್ ಡ್ಯೂಮ್ ಮತ್ತು ಜೊತೆಗಾರರು ಪ್ರಕಟಿಸಿದ್ದು. ಕಡೆಗಣನೆಗೆ, ಹಿಂಸೆಗೆ ಒಳಗಾಗಿ ನಾಲ್ಕರಿಂದ ಆರರ ವಯಸ್ಸಿನಲ್ಲಿ ದತ್ತು ಹೋದ 65 ಮಕ್ಕಳು. ದತ್ತಿಗೆ ಮೊದಲು ಸರಾಸರಿ ಐಕ್ಯೂ 77. ಹದಿಹರೆಯಕ್ಕೆ ಬರುವಾಗ, ಕಡಿಮೆ ಅನುಕೂಲದ ಮನೆಗೆ ಹೋದವರು ಸುಮಾರು 8 ಅಂಕ ಏರಿದ್ದರು. ಹೆಚ್ಚು ಅನುಕೂಲದ ಮನೆಗೆ ಹೋದವರು 19ಕ್ಕೂ ಜಾಸ್ತಿ. ಮಕ್ಕಳ ಜೀನ್ ಬದಲಾಗಿರಲಿಲ್ಲ. ಮನೆ ಬದಲಾಗಿತ್ತು.

ಜೀನ್ ಹುಡುಕಾಟದ ವಿಷಯ ಚುಟುಕಾಗಿ: 2018ರಲ್ಲಿ ಸುಮಾರು 2 ಲಕ್ಷ 70 ಸಾವಿರ ಜನರ ಡಿಎನ್‌ಎ ನೋಡಿದ ಅಧ್ಯಯನ ಸಾವಿರಕ್ಕೂ ಹೆಚ್ಚು ಜೀನ್‌ಗಳನ್ನು ಗುರುತಿಸಿತು. ಒಂದೊಂದರ ಪರಿಣಾಮ ಅತಿ ಸಣ್ಣದು. ‘ಬುದ್ಧಿಯ ಜೀನ್’ ಎಂಬ ಒಂದೇ ಜೀನ್ ಇಲ್ಲ.

ಉಪ್ಪಿನ ವಿಷಯ

ಗರ್ಭದಲ್ಲಿರುವ ಮಗುವಿನ ಮಿದುಳು ಬೆಳೆಯಲು ಥೈರಾಯ್ಡ್ ಹಾರ್ಮೋನ್ ಬೇಕು. ಆ ಹಾರ್ಮೋನ್ ತಯಾರಾಗಲು ಅಯೋಡಿನ್ ಬೇಕು. ತೀವ್ರ ಕೊರತೆ ಇದ್ದರೆ ಮಗುವಿನ ಮಿದುಳಿಗೆ ಶಾಶ್ವತ ಹಾನಿ. ಕೊರತೆ ಇರುವ ಮತ್ತು ಇಲ್ಲದ ಪ್ರದೇಶಗಳನ್ನು ಹೋಲಿಸಿದ ಹಳೆಯ ಅಧ್ಯಯನಗಳನ್ನು 1994ರಲ್ಲಿ ಒಟ್ಟು ಮಾಡಿ ನೋಡಿದಾಗ ಸರಾಸರಿ ಅಂತರ 13.5 ಐಕ್ಯೂ ಅಂಕ. ಸಣ್ಣ ಕೊರತೆಯೂ ಸುಮ್ನೆ ಬಿಡುವುದಿಲ್ಲ. ಬ್ರಿಟನ್ನಿನಲ್ಲಿ ಸುಮಾರು ಸಾವಿರ ತಾಯಂದಿರನ್ನು ನೋಡಿದ 2013ರ ಅಧ್ಯಯನದಲ್ಲಿ, ಗರ್ಭಿಣಿಯಾಗಿದ್ದಾಗ ಅಯೋಡಿನ್ ಕಡಿಮೆ ಇದ್ದವರ ಮಕ್ಕಳು ಎಂಟನೇ ವಯಸ್ಸಿನಲ್ಲಿ ಭಾಷೆಗೆ ಸಂಬಂಧಿಸಿದ ಐಕ್ಯೂನಲ್ಲಿ ಹಿಂದೆ ಇದ್ದರು.

ನಮ್ಮ ಜಿಲ್ಲೆಯಲ್ಲಿ ಇದನ್ನು ಒತ್ತಿ ಹೇಳಲು ಕಾರಣ ಇದೆ. ‘ಸಮುದ್ರದ ಉಪ್ಪಲ್ವಾ, ಅದರಲ್ಲಿ ಅಯೋಡಿನ್ ಇದ್ದೇ ಇರುತ್ತದೆ’ ಎಂದು ಕರಾವಳಿಯಲ್ಲಿ ಎಷ್ಟೋ ಜನ ನಂಬಿದ್ದಾರೆ. ಇರುವುದಿಲ್ಲ. ಬಿಸಿಲಲ್ಲಿ ಒಣಗಿದ ಸಮುದ್ರದ ಉಪ್ಪಿನಲ್ಲಿ ಅಯೋಡಿನ್ ಬಹಳ ಅಲ್ಪ. ಮೀನು, ಸಿಗಡಿಯಲ್ಲಿ ಚೆನ್ನಾಗಿ ಇದೆ. ಆದರೆ ಘಟ್ಟದ ಮೇಲೆ ಮೀನು ತಿನ್ನದ ಮನೆಗಳು ಬಹಳ. ಜೋರು ಮಳೆ ಮಣ್ಣಿನ ಅಯೋಡಿನ್ ತೊಳೆದುಕೊಂಡು ಹೋಗುತ್ತದೆ, ಹಾಗಾಗಿ ತರಕಾರಿ, ಅಕ್ಕಿಯನ್ನು ನಂಬಿ ಕೂರಲು ಆಗುವುದಿಲ್ಲ. ಸಾಣಿಕಟ್ಟಾದಂಥ ಆಗರಗಳ ಉಪ್ಪು ನಮ್ಮ ಊರಿನ ಹೆಮ್ಮೆ, ಅಂಕೋಲೆಯ ಉಪ್ಪಿನ ಸತ್ಯಾಗ್ರಹದ ನೆನಪೂ ಇದೆ. ಅಪ್ಪೆಮಿಡಿ ಹಾಕಲು ಕಲ್ಲುಪ್ಪೇ ಬೇಕು ಎನ್ನುವವರು ಹಾಕಲಿ. ದಿನದ ಅಡುಗೆಗೆ ಮಾತ್ರ, ಮುಖ್ಯವಾಗಿ ಗರ್ಭಿಣಿ ಇರುವ ಮನೆಯಲ್ಲಿ, ಚೀಲದ ಮೇಲೆ ‘ಅಯೋಡಿನ್‌ಯುಕ್ತ’ ಎಂದು ಬರೆದಿದೆಯೇ ಎಂದು ನೋಡಲೇಬೇಕು. ನಿಯಮದಂತೆ ನಮ್ಮ ಕೈಗೆ ಬರುವಾಗ ಕನಿಷ್ಠ 15 ಪಿಪಿಎಂ (ಹತ್ತು ಲಕ್ಷ ಪಾಲಿಗೆ 15 ಪಾಲು) ಅಯೋಡಿನ್ ಇರಬೇಕು. ತೇವಕ್ಕೆ ಅದು ಕಡಿಮೆಯಾಗುತ್ತದೆ. ಮಳೆಗಾಲದಲ್ಲಿ ಉಪ್ಪಿನ ಡಬ್ಬಿಯ ಮುಚ್ಚಳ ಬಿಗಿಯಾಗಿರಲಿ.

ಸೀಸವೂ ಇದೇ ಬಗೆಯ ಕಾಣದ ಕಳ್ಳ. ರಕ್ತದಲ್ಲಿ ಸೀಸ ಡೆಸಿಲೀಟರಿಗೆ 2.4ರಿಂದ 10 ಮೈಕ್ರೋಗ್ರಾಂಗೆ ಏರಿದರೆ ಸುಮಾರು 4 ಐಕ್ಯೂ ಅಂಕ ಇಳಿಯುತ್ತದೆ ಎಂದು 2005ರ ದೊಡ್ಡ ವಿಶ್ಲೇಷಣೆ ತೋರಿಸಿತು. ಭಾರತದಲ್ಲಿ ಸೀಸದ ಪೆಟ್ರೋಲ್ 2000ದಲ್ಲಿ ನಿಂತಿತು. ಹಳೆಯ ಬಣ್ಣದಿಂದ, ಹಳೆಯ ಬ್ಯಾಟರಿ ಬಿಚ್ಚುವ ಜಾಗಗಳಿಂದ ಮಕ್ಕಳನ್ನು ದೂರ ಇಡಿ.

ಶಾಲೆ ಮತ್ತು ಚಿಂತೆ

ಬುದ್ಧಿ ಇದ್ದವರು ಹೆಚ್ಚು ಓದುತ್ತಾರೋ, ಓದಿದ್ದರಿಂದ ಬುದ್ಧಿ ಬೆಳೆಯುತ್ತದೋ? ಎರಡೂ ನಿಜ. ಎರಡನೆಯದನ್ನು ಸಾಬೀತು ಮಾಡುವುದು ಕಷ್ಟದ ಕೆಲಸ. ನಾರ್ವೆ ಕಡ್ಡಾಯ ಶಿಕ್ಷಣವನ್ನು ಏಳು ವರ್ಷದಿಂದ ಒಂಬತ್ತಕ್ಕೆ ಏರಿಸಿತು, ಬೇರೆಬೇರೆ ಊರುಗಳಲ್ಲಿ ಬೇರೆಬೇರೆ ವರ್ಷ. ಇದರಿಂದ ಹೋಲಿಕೆ ಸಾಧ್ಯವಾಯಿತು. ಹೆಚ್ಚಿನ ಒಂದೊಂದು ಶಾಲಾ ವರ್ಷಕ್ಕೂ ಸುಮಾರು 3.7 ಐಕ್ಯೂ ಅಂಕ ಏರಿತ್ತು. 2018ರಲ್ಲಿ ಸ್ಟುವರ್ಟ್ ರಿಚಿ ಮತ್ತು ಇಲಿಯಟ್ ಟಕ್ಕರ್-ಡ್ರಾಬ್ ಆರು ಲಕ್ಷಕ್ಕೂ ಹೆಚ್ಚು ಜನರ ಮೇಲಿನ ಅಧ್ಯಯನಗಳನ್ನು ಸೇರಿಸಿ ನೋಡಿದರು: ವರ್ಷಕ್ಕೆ 1ರಿಂದ 5 ಅಂಕ. ಬುದ್ಧಿಯನ್ನು ಏರಿಸಲು ನಮಗೆ ಗೊತ್ತಿರುವ ದಾರಿಗಳಲ್ಲಿ ಶಾಲೆಯಷ್ಟು ಗಟ್ಟಿಯಾದದ್ದು ಕಡಿಮೆ. ಎಂಟನೇ ತರಗತಿಗೆ ಶಾಲೆ ಬಿಟ್ಟು ದೋಣಿ ಹತ್ತುವ ಹುಡುಗನನ್ನು ಎಸ್ಸೆಸ್ಸೆಲ್ಸಿವರೆಗೆ ಹಿಡಿದಿಟ್ಟರೆ ನಾವು ಮಾಡಿದ್ದು ಸಣ್ಣ ಕೆಲಸ ಅಲ್ಲ.

ಇದರ ಜೊತೆಗೇ ತಮಿಳುನಾಡಿನ ಕಬ್ಬು ಬೆಳೆಗಾರರ ಅಧ್ಯಯನ ಓದಿ. 2013ರಲ್ಲಿ ಆನಂದಿ ಮಣಿ, ಸೆಂಧಿಲ್ ಮುಲ್ಲೈನಾಥನ್ ಮತ್ತು ಜೊತೆಗಾರರು 464 ರೈತರನ್ನು ಎರಡು ಸಲ ಪರೀಕ್ಷಿಸಿದರು. ಕೈಯಲ್ಲಿ ಕಾಸಿಲ್ಲದ ಕಟಾವಿನ ಮೊದಲು, ಮತ್ತು ಹಣ ಬಂದ ಮೇಲೆ. ಅದೇ ರೈತರು, ಕಟಾವಿನ ಮೊದಲು ಕಡಿಮೆ ಅಂಕ. ಹಣದ ಚಿಂತೆ ಮನಸ್ಸಿನ ಜಾಗ ತಿಂದುಬಿಡುತ್ತದೆ ಎಂದು ಅವರ ವಾದ. ಆ ಲೆಕ್ಕಾಚಾರವನ್ನು ಪ್ರಶ್ನಿಸಿದವರೂ ಇದ್ದಾರೆ, ಅದನ್ನೂ ಬರೆಯಿರಿ. ಆದರೆ ನಮ್ಮ ಕಡೆ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ಮೀನುಗಾರಿಕೆ ನಿಷೇಧ. ಶಾಲೆ ಶುರುವಾಗುವುದೂ ಆಗಲೇ. ಘಟ್ಟದ ಮೇಲೆ ಅಡಿಕೆ ತೋಟದವರಿಗೆ ಕೊಳೆ ರೋಗದ ಭಯ, ಅಡಿಕೆ ಕೊನೆ ಕೊಯ್ಲು ಇನ್ನೂ ದೂರ. ಮಗುವನ್ನು ಅಳೆಯುವವರು ಆ ತಿಂಗಳುಗಳಲ್ಲಿ ಮನೆಯ ಸ್ಥಿತಿಯನ್ನೂ ಕೇಳಬೇಕು ಎಂಬುದು ನನ್ನ ಅಭಿಪ್ರಾಯ.

ಪರೀಕ್ಷೆ ಹಿಡಿಯದ್ದು

2025ರಲ್ಲಿ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮುಂತಾದವರು ಕೋಲ್ಕತ್ತಾ ಮತ್ತು ದೆಹಲಿಯ ಸಂತೆಗಳಲ್ಲಿ ಕೆಲಸ ಮಾಡುವ ಮಕ್ಕಳ ಬಗ್ಗೆ ಪ್ರಕಟಿಸಿದರು. ಗಿರಾಕಿ ಮುಂದೆ ತೂಕ, ದರ, ಚಿಲ್ಲರೆ ಎಲ್ಲವನ್ನೂ ಬಾಯಲ್ಲೇ ಸರಿಯಾಗಿ ಹೇಳುವ ಮಕ್ಕಳು, ಅದೇ ಲೆಕ್ಕವನ್ನು ಪುಸ್ತಕದ ರೂಪದಲ್ಲಿ ಕೊಟ್ಟಾಗ ತಡವರಿಸಿದರು. ಶಾಲೆಯ ಮಕ್ಕಳಿಗೆ ಪುಸ್ತಕದ ಲೆಕ್ಕ ಬಂತು, ಸಂತೆಯ ಲೆಕ್ಕ ಬರಲಿಲ್ಲ. ಕಾರವಾರದ ಮೀನು ಮಾರುಕಟ್ಟೆಯಲ್ಲಿ ಅಮ್ಮನ ಪಕ್ಕ ಕೂತ ಮಗುವಿನ ಲೆಕ್ಕ ನಮ್ಮ ಪ್ರಶ್ನೆಪತ್ರಿಕೆಯಲ್ಲಿ ಕಾಣುವುದಿಲ್ಲ.

ಅಂಕೋಲಾ ತಾಲ್ಲೂಕಿನ ಹಾಲಕ್ಕಿ ಸಮುದಾಯದ ತುಳಸಿ ಗೌಡ ಮತ್ತು ಸುಕ್ರಿ ಬೊಮ್ಮಗೌಡ ಇಬ್ಬರೂ ಶಾಲೆ ಕಂಡವರಲ್ಲ. ತುಳಸಿಯವರಿಗೆ ಕಾಡಿನ ನೂರಾರು ಗಿಡಗಳ ಬೀಜ, ಕಾಲ, ಗುಣ ಎಲ್ಲ ಗೊತ್ತಿತ್ತು. ಸುಕ್ರಿಯವರಿಗೆ ಸಾವಿರಾರು ಹಾಡು ಬಾಯಿಪಾಠ. ಇಬ್ಬರಿಗೂ ಪದ್ಮಶ್ರೀ ಬಂತು. ಐಕ್ಯೂ ಪರೀಕ್ಷೆ ಸುಳ್ಳು ಎಂದು ಇದರಿಂದ ಹೇಳಲು ಬರುವುದಿಲ್ಲ. ಶಾಲೆಯ ಕಲಿಕೆಯನ್ನು ಮುಂಚಿತವಾಗಿ ಅಂದಾಜು ಮಾಡಲು ಅದು ಒಳ್ಳೆಯ ಸಾಧನ. ಅದು ಕೇಳದೇ ಬಿಟ್ಟ ಪ್ರಶ್ನೆಗಳೂ ಇವೆ ಎಂದು ನೆನಪಿರಲಿ.

ಒಂದು ವರದಿ ಕೈಗೆ ಬಂದಾಗ

ಮಗುವಿನ ಐಕ್ಯೂ ವರದಿ ಬಂದರೆ ಮೊದಲು ಯಾವ ಪರೀಕ್ಷೆ ಎಂದು ನೋಡಿ. ಬಿನೆ-ಕಾಮತ್‌ನ 80 ಮತ್ತು ವೆಕ್ಸ್ಲರ್‌ನ 80 ಒಂದೇ ಅಲ್ಲ, ಲೆಕ್ಕ ಹಾಕುವ ರೀತಿಯೇ ಬೇರೆ. ಮಾನಕ (ಹೋಲಿಕೆಗೆ ಇಟ್ಟುಕೊಂಡ ಮಕ್ಕಳ ಅಂಕಗಳು) ಯಾವ ಕಾಲದ್ದು ಎಂದೂ ನೋಡಿ. ಜೇಮ್ಸ್ ಫ್ಲಿನ್ 1980ರ ದಶಕದಲ್ಲಿ ತೋರಿಸಿದಂತೆ, ಬಹಳ ದೇಶಗಳಲ್ಲಿ ಅಂಕಗಳು ದಶಕಕ್ಕೆ ಸುಮಾರು 3ರಂತೆ ಏರುತ್ತಾ ಬಂದಿದ್ದವು. ಹಾಗಾಗಿ ಹಳೆಯ ಮಾನಕದಲ್ಲಿ ಅಳೆದರೆ ಅಂಕ ಜಾಸ್ತಿ ಬರುತ್ತದೆ, ನೆರವು ಬೇಕಾದ ಮಗು ತಪ್ಪಿಹೋಗಬಹುದು. ಬಿನೆ-ಕಾಮತ್‌ನ ಮಾನಕ ಹಲವು ದಶಕ ಹಳೆಯದು. ಕಣ್ಣು, ಕಿವಿ ಪರೀಕ್ಷಿಸಿದ್ದಾರೆಯೇ ಎಂದು ಕೇಳಿ. ಭಾಷೆ ಯಾವುದು ಎಂದೂ ಕೇಳಿ. ಮನೆಯಲ್ಲಿ ಕೊಂಕಣಿ, ಭಟ್ಕಳದಲ್ಲಿ ನವಾಯತಿ ಆಡುವ ಮಗುವಿಗೆ ಪುಸ್ತಕದ ಕನ್ನಡದಲ್ಲಿ ಪ್ರಶ್ನೆ ಕೇಳಿದ್ದರೆ, ಬಂದ ಅಂಕದಲ್ಲಿ ಭಾಷೆಯ ಪಾಲು ಎಷ್ಟು, ಬುದ್ಧಿಯ ಪಾಲು ಎಷ್ಟು ಎಂದು ಬೇರ್ಪಡಿಸಲು ಆಗುವುದಿಲ್ಲ. ಅಂಥ ಮಗುವಿಗೆ ರೇವನ್ ಅವರ ಆಕೃತಿ ಪರೀಕ್ಷೆಯಂಥ, ಮಾತು ಬೇಡದ ಪರೀಕ್ಷೆಯನ್ನೂ ಮಾಡಿಸಲು ಕೇಳಬಹುದು. ಹಾಗೆ ಕೇಳುವುದು ತರಗತಿ ಶಿಕ್ಷಕರ ಕೆಲಸವೂ ಹೌದು.