ಲಿಂಕ್ ಕೆಳಗಿದೆ, ಲೋಗೊ ಮೇಲಿದೆ

ಮುಂಬೈ ಪಕ್ಕದ ಡೊಂಬಿವಲಿಯ ನಮ್ಮ ಬಿಲ್ಡಿಂಗಿನಲ್ಲಿ ಕುಂದಾಪುರ ಕಡೆಯ ಹುಡುಗನೊಬ್ಬ ಇದ್ದಾನೆ. ಹಗಲು ಆಫೀಸು, ರಾತ್ರಿ ಕನ್ನಡ ಚಾನೆಲ್. ಮಾಟುಂಗಾದ ಇಡ್ಲಿ, ಫೋರ್ಟಿನ ಹಳೇ ಉಡುಪಿ ಹೋಟೆಲು, ಲೋಕಲ್ ಟ್ರೇನಿನ ಭಜನೆ ಗುಂಪು, ಇಂಥವೇ ವಿಡಿಯೊ. 2025ರ ಏಪ್ರಿಲ್, ಐಪಿಎಲ್ ಶುರುವಾಗಿತ್ತು. ಅವನಿಗೆ ಟೆಲಿಗ್ರಾಮಿನಲ್ಲಿ ಒಂದು ಮೆಸೇಜ್ ಬಂತು. ವಿಡಿಯೊದ ಮೂಲೆಯಲ್ಲಿ ಇಪ್ಪತ್ತು ಸೆಕೆಂಡ್ ಒಂದು ಬೆಟ್ಟಿಂಗ್ ಆ್ಯಪಿನ ಲೋಗೊ ಇದ್ದರೆ ಸಾಕು, ಬಾಯಿ ಬಿಡೋದೂ ಬೇಡ. ಕೊಡುತ್ತೇವೆ ಅಂದ ದುಡ್ಡು ಅವನ ಮನೆ ಬಾಡಿಗೆಗಿಂತ ಜಾಸ್ತಿ.

ಎಡಿಟ್ ಮಾಡಿ ನನಗೆ ತೋರಿಸಿದ. ಕಾವಲಿ ಮೇಲೆ ದೋಸೆ ಮಗುಚುತ್ತಿದೆ, ಮೇಲೆ ಬಲಗಡೆ ಹಸಿರು ಬಣ್ಣದ ಒಂದು ಸಣ್ಣ ಗುರುತು. “ಇದು ಯಾರಿಗೆ ಕಾಣತ್ತೆ ಮಾರಾಯ್ರೆ?” ಅಂದ. ಕಾಣದಿದ್ದರೆ ಅಷ್ಟು ದುಡ್ಡು ಸುಮ್ನೆ ಕೊಡ್ತಾರಾ?

ಅವನು ಅದನ್ನು ಅಪ್‌ಲೋಡ್ ಮಾಡಲಿಲ್ಲ. ಒಳ್ಳೆಯತನಕ್ಕೇನೂ ಅಲ್ಲ, ಚಾನೆಲ್ ಹೋದೀತು ಅನ್ನುವ ಹೆದರಿಕೆಗೆ. 2025ರ ಮಾರ್ಚ್ 19ರಿಂದ ಯೂಟ್ಯೂಬ್ ತನ್ನ ಜೂಜಿನ ನಿಯಮವನ್ನು ಬಿಗಿ ಮಾಡಿತ್ತು. ಗೂಗಲ್ ಒಪ್ಪದ ಜೂಜಿನ ಸೈಟಿಗೆ, ಆ್ಯಪಿಗೆ ನೋಡುಗರನ್ನು ಕಳಿಸಬಾರದು ಅನ್ನೋದು ಮೊದಲೂ ಇತ್ತು. ಅದು ಲಿಂಕಿಗೆ ಮಾತ್ರ ಅಂದುಕೊಂಡು ಕೆಲವರು ಲೋಗೊ ತೋರಿಸುತ್ತಿದ್ದರು, ಕೆಲವರು ಮಾತಿನ ನಡುವೆ ಹೆಸರು ತೂರಿಸುತ್ತಿದ್ದರು. ಈಗ ಲಿಂಕು, ಲೋಗೊ, ಬಾಯಿಮಾತು ಮೂರೂ ಒಂದೇ ತಪ್ಪು. ‘ಗ್ಯಾರಂಟಿ ಲಾಭ’ ಅಂದರೆ ವಿಡಿಯೊ ತೆಗೆದುಹಾಕಬಹುದು. ಮೊದಲ ಸಲ ಸಾಮಾನ್ಯವಾಗಿ ಎಚ್ಚರಿಕೆ ಬರುತ್ತದೆ. ಆಮೇಲೆ ಸ್ಟ್ರೈಕ್, ಅಂದರೆ ಚಾನೆಲ್ ಮೇಲೆ ತಪ್ಪಿನ ಗುರುತು. 90 ದಿನದೊಳಗೆ ಮೂರು ಸ್ಟ್ರೈಕ್ ಬಿದ್ದರೆ ಚಾನೆಲ್ಲೇ ಮಾಯ.

ಇಷ್ಟು ಮಾಡೋಕೆ ಯಾಕೆ ಇಷ್ಟು ಕಾಲ ಬೇಕಾಯಿತು ಅಂತ ಕೇಳಿದರೆ, ಹಳೇ ಮುಂಬೈಗೆ ಹೋಗಬೇಕು.

ನಮ್ಮೂರುಗಳಲ್ಲಿ ‘ಓಸಿ’ ಅನ್ನುತ್ತೇವಲ್ಲ, ಆ ಓಪನ್-ಕ್ಲೋಸ್ ಹುಟ್ಟಿದ್ದು ಈ ಊರಿನಲ್ಲೇ. ನ್ಯೂಯಾರ್ಕಿನ ಹತ್ತಿ ದರ ಟೆಲಿಪ್ರಿಂಟರಿನಲ್ಲಿ ಬಾಂಬೆಗೆ ಬರುತ್ತಿತ್ತು. ಪೇಟೆ ತೆರೆದಾಗ ಎಷ್ಟು, ಮುಚ್ಚಿದಾಗ ಎಷ್ಟು ಅಂತ ಜನ ಬಾಜಿ ಕಟ್ಟುತ್ತಿದ್ದರು. 1961ರಲ್ಲಿ ಆ ದರ ಬರೋದು ನಿಂತಿತು. ಚಟ ನಿಲ್ಲುತ್ತದೆಯೇ? 1962ರಲ್ಲಿ ಕಲ್ಯಾಣ್‌ಜಿ ಭಗತ್ ವರ್ಲಿಯಲ್ಲಿ, ಅಂಕಿ ಮೇಲೆ ಬಾಜಿ ಕಟ್ಟುವ ಮಟ್ಕಾ ಶುರು ಮಾಡಿದ. ಎರಡು ವರ್ಷಕ್ಕೆ ರತನ್ ಖತ್ರಿಯ ನ್ಯೂ ವರ್ಲಿ ಮಟ್ಕಾ ಬಂತು. ಆಗ ಪೊಲೀಸರ ಕೈಯಲ್ಲಿದ್ದದ್ದು 1887ರ ಬಾಂಬೆ ಜೂಜು ತಡೆ ಕಾನೂನು. ಅದು ಹುಡುಕುತ್ತಿದ್ದದ್ದು ‘ಜೂಜಿನ ಮನೆ’. ಆದರೆ ಓಸಿ ಬರೆಯುವವನಿಗೆ ಮನೆ ಎಲ್ಲಿದೆ? ಬೀಡಾ ಅಂಗಡಿಯ ಮೂಲೆ, ಒಂದು ಚೀಟಿ, ಒಂದು ಪೆನ್ಸಿಲ್.

ಇದಕ್ಕಿಂತ ಸ್ವಾರಸ್ಯದ ಕತೆ ಅದಕ್ಕೂ ಮೊದಲಿನದು. ಅದರಲ್ಲಿ ನಮ್ಮ ಬೆಂಗಳೂರಿಗೂ ಪಾಲಿದೆ. ‘ಸ್ಪೋರ್ಟಿಂಗ್ ಸ್ಟಾರ್’ ಅಂತ ಒಂದು ವಾರಪತ್ರಿಕೆ ಬೆಂಗಳೂರಿನಲ್ಲಿ ಅಚ್ಚಾಗುತ್ತಿತ್ತು. ಅದರಲ್ಲಿ ಆರ್.ಎಂ.ಡಿ. ಚಮರ್‌ಬಾಗ್‌ವಾಲಾ ಕಂಪನಿಯ ಪದಬಂಧ. ಫೀ ಕಟ್ಟಿ ತುಂಬಿ ಕಳಿಸಬೇಕು, ಗೆದ್ದರೆ ಬಹುಮಾನ. ನೋಡೋಕೆ ಜಾಣತನದ ಆಟ. ಒಳಗೆ ಬೇರೆಯೇ: ಒಂದು ಜಾಗಕ್ಕೆ ಎರಡು ಪದ ಹೊಂದುತ್ತಿದ್ದರೆ, ‘ಸರಿ’ ಯಾವುದು ಅಂತ ನಡೆಸುವವರು ಮೊದಲೇ ಬರೆದಿಟ್ಟಿರುತ್ತಿದ್ದರು. ಆಡುವವರು ಮುಂಬೈಯಲ್ಲೂ ಬೇಕಾದಷ್ಟಿದ್ದರು. ಅರ್ಜಿ, ದುಡ್ಡು ಕೂಡಿಸಲು ಇಲ್ಲೇ ಜನರನ್ನೂ ಇಟ್ಟಿದ್ದರು. ಬಾಂಬೆ ಸರ್ಕಾರ 1952ರಲ್ಲಿ ತನ್ನ ಕಾನೂನು ತಿದ್ದಿ, ಹೊರಗಡೆ ಅಚ್ಚಾಗುವ ಪತ್ರಿಕೆಗೂ ತೆರಿಗೆ, ಲೈಸೆನ್ಸು ಅಂದಿತು. ನಮ್ಮ ಪತ್ರಿಕೆ ಮೈಸೂರು ರಾಜ್ಯದ್ದು, ನಿಮಗೇನು ಅಧಿಕಾರ ಅಂತ ಕಂಪನಿ ಕೋರ್ಟಿಗೆ ಹೋಯಿತು. 1957ರ ಏಪ್ರಿಲ್ 9ರಂದು ಸುಪ್ರೀಂ ಕೋರ್ಟು ಕಂಪನಿಯ ವಾದ ಒಪ್ಪಲಿಲ್ಲ. ಜೂಜು ವ್ಯಾಪಾರವೇ ಅಲ್ಲ, ವ್ಯಾಪಾರದ ಹಕ್ಕು ಅದಕ್ಕಿಲ್ಲ ಅಂದಿತು.

ಈಗ ವಿದೇಶದಲ್ಲಿ ಕೂತ ಬೆಟ್ಟಿಂಗ್ ಆ್ಯಪ್ ಹೇಳೋದೂ ಹೆಚ್ಚುಕಡಿಮೆ ಅದನ್ನೇ ಅಲ್ವಾ? ನಾವು ಇಲ್ಲಿಲ್ಲ, ನಮ್ಮನ್ನೇನು ಕೇಳ್ತೀರಿ.

ಅದೇ ದಿನದ ಇನ್ನೊಂದು ತೀರ್ಪು ಮಾತ್ರ ಒಂದು ಕಿಂಡಿ ಬಿಟ್ಟಿತು. ಜಾಣತನವೇ ಮುಖ್ಯವಾದ ಸ್ಪರ್ಧೆ ಜೂಜಲ್ಲ ಅಂತ. 1967ರಲ್ಲಿ ರಮ್ಮಿ ಆ ಕಿಂಡಿಯಿಂದ ನುಸುಳಿತು. 2019ರಲ್ಲಿ ಬಾಂಬೆ ಹೈಕೋರ್ಟು ಇದೇ ಊರಿನ ಡ್ರೀಮ್11, ಅಂದರೆ ದುಡ್ಡು ಕಟ್ಟಿ ಫೋನಿನಲ್ಲೇ ಕ್ರಿಕೆಟ್ ತಂಡ ಕಟ್ಟುವ ಆಟ, ಜೂಜಲ್ಲ ಅಂದಿತು. ಮರುವರ್ಷ ಆ ಕಂಪನಿ 222 ಕೋಟಿ ಕೊಟ್ಟು ಐಪಿಎಲ್‌ಗೆ ತನ್ನ ಹೆಸರನ್ನೇ ಇಟ್ಟಿತು. ಕರ್ನಾಟಕ 2021ರಲ್ಲಿ ಹಣದ ಆನ್‌ಲೈನ್ ಆಟಗಳನ್ನು ನಿಷೇಧಿಸಿದರೆ, 2022ರ ಫೆಬ್ರುವರಿಯಲ್ಲಿ ಅಲ್ಲಿನ ಹೈಕೋರ್ಟು ಆ ನಿಷೇಧವನ್ನೇ ಹೊಡೆದುಹಾಕಿತು. ಜಾಹೀರಾತಿನ ಒಳ್ಳೇದು ಕೆಟ್ಟದ್ದು ನೋಡುವ ಆಸ್ಕಿ, ಅದರ ಕಚೇರಿಯೂ ಮುಂಬೈಯೇ, 2020ರ ಡಿಸೆಂಬರಿನಿಂದ ‘ಚಟ ಹಿಡಿಯಬಹುದು, ದುಡ್ಡು ಹೋಗಬಹುದು’ ಅನ್ನುವ ಸಾಲನ್ನು ಕಡ್ಡಾಯ ಮಾಡಿತು. ಟಿವಿಯಲ್ಲಿ ಅದನ್ನು ಉಸಿರು ಬಿಡದೆ ಓದಿದ್ದು ನೆನಪಿರಬೇಕು.

ಬೆಟ್ಟಿಂಗ್ ಸೈಟುಗಳು ಇನ್ನೊಂದು ದಾರಿ ಹಿಡಿದವು. ತಮ್ಮದೇ ಹೆಸರಿನ ‘ಸುದ್ದಿ’ ಸೈಟು ಮಾಡಿ ಅದರ ಜಾಹೀರಾತು ಕೊಟ್ಟವು. ಕೇಂದ್ರ ವಾರ್ತಾ ಇಲಾಖೆ 2022ರ ಜೂನ್‌ನಲ್ಲಿ, ಮತ್ತೆ ಅಕ್ಟೋಬರ್‌ನಲ್ಲಿ ಚಾನೆಲ್‌ಗಳಿಗೆ ತಿಳಿಹೇಳಿತು. ಟಿವಿ ಬಾಗಿಲು ಕಿರಿದಾದಂತೆ ದುಡ್ಡು ಯೂಟ್ಯೂಬಿಗೆ, ಇನ್‌ಸ್ಟಾಗೆ ಹರಿಯಿತು. 2024ರ ಮಾರ್ಚ್ 21ರಂದು ಇಲಾಖೆ ಇನ್‌ಫ್ಲುಯೆನ್ಸರ್‌ಗಳನ್ನೇ ಹೆಸರಿಸಿ ಎಚ್ಚರಿಸಿತು.

ಇಲ್ಲಿ ನನ್ನ ಮಾತೊಂದು. ಚೀಟಿ ಬರೆಯುವವನಿಗೂ ಈ ಹುಡುಗರಿಗೂ ಒಂದು ವ್ಯತ್ಯಾಸ ಇದೆ. ಚೀಟಿಯವನು ಯಾರು ಅಂತ ಎಲ್ಲರಿಗೂ ಗೊತ್ತಿತ್ತು. ಇವರನ್ನು ನಾವು ನಂಬುತ್ತೇವೆ. ಮಾಟುಂಗಾದ ಹೋಟೆಲಿನಲ್ಲಿ ಮಧ್ಯಾಹ್ನ ರಶ್ ಇಳಿದ ಮೇಲೆ, ಅಕ್ಕಿ ಮೂಟೆಗೆ ಒರಗಿ ಫೋನ್ ನೋಡುವ ಹುಡುಗನಿಗೆ ಕುಂದಾಪುರ ಕನ್ನಡ ಕೇಳಿದರೆ ಊರಿನ ಅಣ್ಣ ಮಾತಾಡಿದ ಹಾಗೆ. ಅಣ್ಣ ‘ಲಿಂಕ್ ಕೆಳಗಿದೆ’ ಅಂದರೆ ಬೆರಳು ತಾನಾಗಿ ಹೋಗುತ್ತದೆ. ಸರ್ಕಾರ ಆಟ ಜೂಜೋ ಜಾಣತನವೋ ಅಂತ ಅರವತ್ತು ವರ್ಷ ಜಗಳ ಆಡಿತು. ಯೂಟ್ಯೂಬ್ ಆ ಜಗಳಕ್ಕೇ ಹೋಗದೆ ಕರೆಯುವ ಬಾಯಿಯನ್ನು ಹಿಡಿಯಿತು. ನಮ್ಮ ಮೇಲಿನ ಪ್ರೀತಿಗೆ ಅಂತ ನಾನೇನೂ ನಂಬಲ್ಲ. ಆದರೂ ಹಿಡಿದ ಜಾಗ ಸರಿ.

ನಿಯಮದಲ್ಲಿ ತೂತಿಲ್ಲ ಅಂತಲ್ಲ. ಆನ್‌ಲೈನ್ ಕ್ಯಾಸಿನೊ ವಿಡಿಯೊಗಳನ್ನು 18 ತುಂಬದವರಿಗೆ ತೋರಿಸಲ್ಲ, ಸರಿ. ಆದರೆ ಈ ವಯಸ್ಸಿನ ಮಿತಿ ಆನ್‌ಲೈನ್ ಕ್ರೀಡಾ ಬೆಟ್ಟಿಂಗಿಗೆ ಇಲ್ಲ. ನಮ್ಮಲ್ಲಿ ಜಾಸ್ತಿ ಓಡೋದೇ ಕ್ರಿಕೆಟ್ಟು! ಎದುರಿಗೆ ಕೂತು ಆಡುವ ಜೂಜಿಗೂ ಇಲ್ಲ. ಗೋವಾ ಸರ್ಕಾರವೇ 1976ರ ಜೂಜು ಕಾನೂನನ್ನು ತೊಂಬತ್ತರ ದಶಕದಲ್ಲಿ ತಿದ್ದಿ ಕ್ಯಾಸಿನೊಗೆ ಜಾಗ ಮಾಡಿದೆ. ಹಾಗಾಗಿ ಪಣಜಿಯ ಮಾಂಡೋವಿ ಹೊಳೆಯ ಹಡಗು ಹತ್ತಿ, ಒಳಗೆ ಊಟ ಹೇಗಿತ್ತು ಅಂತ ಹೇಳುವ ವ್ಲಾಗ್ ಬೇರೆಯೇ ಲೆಕ್ಕ. 2025ರ ನವೆಂಬರ್ 17ರಿಂದ ವಿಡಿಯೊ ಗೇಮಿನ ಸ್ಕಿನ್ನು (ಆಟದೊಳಗಿನ ವೇಷ, ಬಣ್ಣ), ಎನ್‌ಎಫ್‌ಟಿ ಅನ್ನುವ ಡಿಜಿಟಲ್ ಸೊತ್ತು ಇಟ್ಟು ಆಡುವ ಜೂಜೂ ನಿಯಮದೊಳಗೆ ಬಂದಿದೆ.

ಅಷ್ಟರಲ್ಲಿ ದೇಶದ ಕಾನೂನೇ ಬದಲಾಗಿತ್ತು. 2025ರ ಆಗಸ್ಟ್ 22ರಂದು ರಾಷ್ಟ್ರಪತಿಗಳ ಅಂಕಿತ ಬಿದ್ದ ಆನ್‌ಲೈನ್ ಗೇಮಿಂಗ್ ಕಾಯ್ದೆ, ಜಾಣತನವೋ ಅದೃಷ್ಟವೋ ನೋಡದೆ ಹಣದ ಆಟಗಳನ್ನೆಲ್ಲ ನಿಷೇಧಿಸಿತು. ಜಾಹೀರಾತು ಮಾಡಿದವರಿಗೆ 2 ವರ್ಷದವರೆಗೆ ಜೈಲು, 50 ಲಕ್ಷದವರೆಗೆ ದಂಡ. ಆಡಿದವರಿಗೆ ಶಿಕ್ಷೆ ಇಲ್ಲ. ಡ್ರೀಮ್11 ಹಣದ ಆಟ ನಿಲ್ಲಿಸಿತು, ಭಾರತ ತಂಡದ ಜೆರ್ಸಿಯಿಂದ ಹೆಸರೂ ಹೋಯಿತು. ಕಂಪನಿಗಳು ಕಾಯ್ದೆಯನ್ನು ಪ್ರಶ್ನಿಸಿ ಕೋರ್ಟಿಗೆ ಹೋದವು, ಕೇಸುಗಳೆಲ್ಲ ಸುಪ್ರೀಂ ಕೋರ್ಟು ಸೇರಿದವು.

ನಮ್ಮ ಬಿಲ್ಡಿಂಗಿನ ಹುಡುಗನಿಗೆ ಮೆಸೇಜ್ ಬರೋದು ನಿಂತಿಲ್ಲ. ಒಮ್ಮೆ ‘ಲೋಗೊ ಬೇಡ, ಈ ಟೀಶರ್ಟ್ ಹಾಕಿಕೊಂಡು ವಿಡಿಯೊ ಮಾಡಿ’ ಅಂತ ಪಾರ್ಸೆಲ್ಲೇ ಬಂತು. ಎದೆ ಮೇಲೆ ಅದೇ ಹಸಿರು ಗುರುತು. ಅವನಮ್ಮ ಅದನ್ನು ಎರಡು ತುಂಡು ಮಾಡಿ ಗ್ಯಾಸ್ ಕಟ್ಟೆ ಒರೆಸೋಕೆ ಇಟ್ಟುಕೊಂಡಿದ್ದಾರೆ. ಬಟ್ಟೆ ಚೆನ್ನಾಗಿದೆಯಂತೆ.