ಗುಳ್ಳೆ ಏಳುವ ಕಡಲಲ್ಲಿ ಬೆಳೆದ ಹುಲ್ಲು

ಇಟಲಿಯ ನೇಪಲ್ಸ್ ಕೊಲ್ಲಿಯಲ್ಲಿ ಇಸ್ಕಿಯಾ ಎಂಬ ದ್ವೀಪವಿದೆ. ಅದರ ಪಕ್ಕದಲ್ಲೇ, ಕಲ್ಲಿನ ಸೇತುವೆಯೊಂದನ್ನು ದಾಟಿದರೆ, ನೀರಿನಿಂದ ನೆಟ್ಟಗೆ ಎದ್ದ ಬಂಡೆಯ ಮೇಲೆ ಅರಗೊನೀಸ್ ಕೋಟೆ ಕಾಣುತ್ತದೆ. ಪ್ರವಾಸಿಗರು ಕೋಟೆ ಹತ್ತಿ ಇಳಿದು ಹೋಗುತ್ತಾರೆ. ಆದರೆ ಅದರ ಬುಡದಲ್ಲಿ, ಕೆಲವೇ ಮೀಟರ್ ಆಳದ ನೀರಿನಲ್ಲಿ, ಇನ್ನೊಂದು ಅಚ್ಚರಿ ಇದೆ. ಅಲ್ಲಿ ಕಡಲ ತಳದಿಂದ ಸಣ್ಣ ಸಣ್ಣ ಗುಳ್ಳೆಗಳು ಸಾಲಾಗಿ ಏಳುತ್ತಲೇ ಇರುತ್ತವೆ, ಆಗತಾನೆ ತೆರೆದ ಸೋಡಾ ಬಾಟಲಿಯ ಹಾಗೆ.

ಇಸ್ಕಿಯಾ ಜ್ವಾಲಾಮುಖಿಯಿಂದ ಹುಟ್ಟಿದ ದ್ವೀಪ. ನೆಲದಡಿಯಿಂದ ಬರುವ ಆ ಗುಳ್ಳೆಗಳಲ್ಲಿ ಶೇ 90ರಿಂದ 95ರಷ್ಟು ಇಂಗಾಲದ ಡೈಆಕ್ಸೈಡ್. ಜ್ವಾಲಾಮುಖಿ ಎಂದ ಕೂಡಲೇ ನೆನಪಾಗುವ ಗಂಧಕದ ಅನಿಲ ಇದರಲ್ಲಿಲ್ಲ. ನೀರೂ ಸುತ್ತಲಿನ ಕಡಲಿಗಿಂತ ಬಿಸಿಯಾಗಿಲ್ಲ. ಅಂದರೆ ಇಲ್ಲಿ ಬದಲಾಗಿರುವುದು ಹೆಚ್ಚುಕಡಿಮೆ ಒಂದೇ ಸಂಗತಿ: ನೀರಿನ ಹುಳಿ. ನಮ್ಮ ಹೊಗೆ ಇಡೀ ಸಾಗರಕ್ಕೆ ಮುಂದೆ ಏನು ಮಾಡಬಹುದೋ ಅದನ್ನು ಇಲ್ಲಿನ ಕಡಲು ತನ್ನಷ್ಟಕ್ಕೆ ಬಹಳ ಕಾಲದಿಂದ ಮಾಡಿ ತೋರಿಸುತ್ತಿದೆ.

ಹುಳಿ ಅಂದೆ, ಅದನ್ನು ಸ್ವಲ್ಪ ಸರಿಯಾಗಿ ಹೇಳಬೇಕು. ನಾವು ಗಾಳಿಗೆ ಬಿಡುವ ಇಂಗಾಲದ ಡೈಆಕ್ಸೈಡ್‌ನಲ್ಲಿ ಸುಮಾರು ಕಾಲು ಭಾಗವನ್ನು ಸಾಗರಗಳು ಹೀರಿಕೊಳ್ಳುತ್ತವೆ. ಅದು ನೀರಿನ ಜೊತೆ ಸೇರಿ ಕಾರ್ಬಾನಿಕ್ ಆಮ್ಲವಾಗುತ್ತದೆ. ನೀರು ಎಷ್ಟು ಹುಳಿ ಎಂದು ಅಳೆಯುವ ಅಂಕವೇ ಪಿಎಚ್; ಅದು ಇಳಿದಷ್ಟೂ ಹುಳಿ ಜಾಸ್ತಿ. ಕೈಗಾರಿಕೆಗಳು ಶುರುವಾಗುವ ಮೊದಲು ಕಡಲ ಮೇಲ್ಮೈ ನೀರಿನ ಪಿಎಚ್ ಸುಮಾರು 8.2 ಇತ್ತು. ಈಗ ಸುಮಾರು 8.1. ಪಿಎಚ್ 7ಕ್ಕಿಂತ ಜಾಸ್ತಿ ಇರುವುದರಿಂದ ಕಡಲು ಇಂದಿಗೂ ಕ್ಷಾರೀಯವೇ. ಬಾಯಿಗೆ ಹುಳಿ ಹತ್ತುವುದಿಲ್ಲ. ಆದರೆ ಪಿಎಚ್ ಲೆಕ್ಕ ನಮ್ಮ ಮಾಮೂಲಿ ಅಳತೆಪಟ್ಟಿಯ ಹಾಗಲ್ಲ. ಅದು ಒಂದು ಅಂಕ ಇಳಿದರೆ ಆಮ್ಲದ ಗುಣ ಹತ್ತು ಪಟ್ಟು ಏರುತ್ತದೆ. ಆದ್ದರಿಂದ 0.1ರ ಇಳಿಕೆ ಅಂದರೆ ಆಮ್ಲಗುಣದಲ್ಲಿ ಹೆಚ್ಚುಕಡಿಮೆ ಶೇ 30ರ ಏರಿಕೆ. ಹೊಗೆ ಹೀಗೇ ಮುಂದುವರಿದರೆ ಈ ಶತಮಾನದ ಕೊನೆಗೆ 7.8ರ ಹತ್ತಿರ ಬರಬಹುದು ಎಂಬ ಅಂದಾಜಿದೆ.

ಇಸ್ಕಿಯಾದ ಕೋಟೆಯ ಸುತ್ತ ಈಜುತ್ತಾ ಹೋದರೆ ಕೆಲವೇ ನೂರು ಮೀಟರ್ ಒಳಗೆ ಈ ಎಲ್ಲ ಅಂಕಗಳನ್ನೂ ದಾಟಬಹುದು. ಮಾಮೂಲಿ 8.1ರಿಂದ 7.8ಕ್ಕೆ, ಅಲ್ಲಿಂದ 7ಕ್ಕೂ ಕೆಳಗೆ. ಬ್ರಿಟನ್‌ನ ಜೇಸನ್ ಹಾಲ್-ಸ್ಪೆನ್ಸರ್ ಮತ್ತು ಸಂಗಡಿಗರು ಇಲ್ಲಿ ಮಾಡಿದ ಅಧ್ಯಯನ 2008ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಬಂದಾಗ ಜಗತ್ತಿನ ಕಡಲ ವಿಜ್ಞಾನಿಗಳೆಲ್ಲ ಈ ಪುಟ್ಟ ಜಾಗದ ಕಡೆ ತಿರುಗಿದರು.

ಅವರು ಕಂಡ ಮೊದಲ ಸಂಗತಿ ಖುಷಿ ಕೊಡುವಂಥದ್ದು. ಗುಳ್ಳೆಗಳ ನಡುವೆ ಕಡಲ ಹುಲ್ಲು ಸೊಂಪಾಗಿ ಬೆಳೆದಿತ್ತು! ಸರಾಸರಿ ಪಿಎಚ್ 7.6 ಇದ್ದ ಜಾಗದಲ್ಲೇ ಅದರ ಬೆಳವಣಿಗೆ ಎಲ್ಲಕ್ಕಿಂತ ಹೆಚ್ಚು. ಈ ಹುಲ್ಲಿನ ಹೆಸರು ಪೊಸಿಡೋನಿಯಾ. ಇದು ಪಾಚಿಯಲ್ಲ. ಬೇರು, ಕಾಂಡ, ಹೂವು, ಕಾಯಿ ಎಲ್ಲವೂ ಇರುವ ಅಪ್ಪಟ ಗಿಡ. ಇದರ ಪೂರ್ವಜರು ನೆಲದ ಮೇಲಿದ್ದವರು, ಡೈನೊಸಾರ್‌ಗಳ ಕಾಲದಲ್ಲಿ ಕಡಲಿಗೆ ಮರಳಿದವರು. ಆಗ ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಈಗಿಗಿಂತ ಎಷ್ಟೋ ಜಾಸ್ತಿ ಇತ್ತು. ಇಂದಿನ ಕಡಲಿನಲ್ಲಿ ಇಂಗಾಲ ಬಹುಪಾಲು ಬೈಕಾರ್ಬೊನೇಟ್ ರೂಪದಲ್ಲಿದೆ. ಅದನ್ನು ಹೀರಿಕೊಳ್ಳಲು ಹುಲ್ಲು ಹೆಚ್ಚು ಶ್ರಮಪಡಬೇಕು. ಗುಳ್ಳೆಗಳ ಪಕ್ಕದಲ್ಲಿ ಅದಕ್ಕೆ ಬೇಕಾದ ಅನಿಲ ನೇರವಾಗಿ ಸಿಗುತ್ತದೆ. ಹಸಿದವನ ಮುಂದೆ ಬಡಿಸಿದ ಎಲೆ ಇಟ್ಟ ಹಾಗೆ.

ಇಷ್ಟಕ್ಕೇ ನಿಂತರೆ ಇದು ಒಳ್ಳೆಯ ಸುದ್ದಿ ಅಲ್ವಾ? ಎಷ್ಟೋ ಜನ ಇಲ್ಲಿಗೇ ನಿಲ್ಲುತ್ತಾರೆ. ಹುಲ್ಲು ಹಸಿರಾಗಿದೆ, ಕಡಲು ಚೆನ್ನಾಗಿದೆ ಎಂದುಕೊಳ್ಳುತ್ತಾರೆ. ಆದರೆ ಹುಲ್ಲೇ ಬೇರೆ, ಹುಲ್ಲುಗಾವಲೇ ಬೇರೆ. ಹುಲ್ಲುಗಾವಲು ಅಂದರೆ ಹುಲ್ಲಿನ ಜೊತೆ ಅದರಲ್ಲಿ ಬಾಳುವ ಜೀವಿಗಳೂ ಸೇರಿದ್ದು. ಅದನ್ನು ತಿಳಿಯಬೇಕಾದರೆ ಒಂದೇ ಒಂದು ಎಲೆಯನ್ನು ಹತ್ತಿರದಿಂದ ನೋಡಬೇಕು.

ಮಾಮೂಲಿ ನೀರಿನಲ್ಲಿ ಬೆಳೆದ ಪೊಸಿಡೋನಿಯಾದ ಹಳೆಯ ಎಲೆ ಬರೀ ಹಸಿರಾಗಿರುವುದಿಲ್ಲ. ಅದರ ತುಂಬ ಬಿಳಿ, ನಸುಗೆಂಪು ಚುಕ್ಕೆಗಳಿರುತ್ತವೆ. ಅವು ಮೈಗೆ ಸುಣ್ಣ ಕಟ್ಟಿಕೊಳ್ಳುವ ಪಾಚಿಗಳು. ನಡುವೆ ಸುರುಳಿಯಾದ ಸುಣ್ಣದ ಕೊಳವೆಯೊಳಗೆ ಕೂತ ಪುಟ್ಟ ಹುಳುಗಳು, ಬಲೆ ನೇಯ್ದಂತೆ ಹರಡಿದ ಬ್ರಯೊಜೋವಾ ಎಂಬ ಪ್ರಾಣಿಗಳ ವಸಾಹತು. ಒಂದು ಎಲೆಯೇ ಒಂದು ವಠಾರ. ಇಸ್ಕಿಯಾದಲ್ಲಿ ಪಿಎಚ್ 8.2ರಿಂದ 7.7ಕ್ಕೆ ಇಳಿದ ಕಡೆ ಎಲೆಯ ಮೇಲಿನ ಈ ಸುಣ್ಣ ಶೇ 90ರಷ್ಟು ಕಡಿಮೆಯಾಗಿತ್ತು. ಸುಣ್ಣದ ಪಾಚಿ ಮಾಯ. ಸುಣ್ಣ ಕಟ್ಟುವ ಜೀವಿಗಳಲ್ಲಿ ಉಳಿದದ್ದು ಬ್ರಯೊಜೋವಾ ಮಾತ್ರ. ಎಲೆ ತೊಳೆದಿಟ್ಟಂತೆ ಚೊಕ್ಕವಾಗಿತ್ತು. ಚೊಕ್ಕವಾದ ಆ ಎಲೆ ನಿಜಕ್ಕೂ ಖಾಲಿಯಾದ ವಠಾರ.

ಸುಣ್ಣ ಯಾಕೆ ಹೋಯಿತು? ನಮ್ಮ ಕರಾವಳಿಯಲ್ಲಿ ಮರುವಾಯಿ ತಿಂದು ಉಳಿದ ಚಿಪ್ಪನ್ನು ಸುಟ್ಟು ಸುಣ್ಣ ಮಾಡುತ್ತಿದ್ದರು. ಆ ಚಿಪ್ಪು ಕ್ಯಾಲ್ಸಿಯಂ ಕಾರ್ಬೊನೇಟ್. ಒಂದು ಚಿಪ್ಪಿನ ಮೇಲೆ ನಿಂಬೆರಸ ಹಿಂಡಿ ನೋಡಿ, ನೊರೆ ಏಳುತ್ತದೆ. ಕಡಲಿನಲ್ಲಿ ಇಷ್ಟು ಜೋರಾಗಿ ಆಗುವುದಿಲ್ಲ. ಅಲ್ಲಿನ ತೊಂದರೆ ಚಿಪ್ಪು ಕರಗುವ ಮೊದಲೇ, ಅದನ್ನು ಕಟ್ಟುವಾಗಲೇ ಶುರುವಾಗುತ್ತದೆ. ಚಿಪ್ಪು ಕಟ್ಟಲು ನೀರಿನಲ್ಲಿ ಕಾರ್ಬೊನೇಟ್ ಬೇಕು. ಆಮ್ಲ ಹೆಚ್ಚಾದರೆ ಅದು ಕಾರ್ಬೊನೇಟನ್ನು ಹಿಡಿದು ಬೈಕಾರ್ಬೊನೇಟ್ ಮಾಡಿಬಿಡುತ್ತದೆ. ಮನೆ ಕಟ್ಟುವವನಿಗೆ ಇಟ್ಟಿಗೆಯೇ ಸಿಗದ ಸ್ಥಿತಿ. ಆಮ್ಲ ಇನ್ನೂ ಏರಿದರೆ ಕಟ್ಟಿದ ಗೋಡೆಯೂ ಕರಗತೊಡಗುತ್ತದೆ. ಇಸ್ಕಿಯಾದ ಗುಳ್ಳೆಗಳ ಹತ್ತಿರ ಬಂಡೆಗೆ ಅಂಟಿ ಬದುಕುವ ಲಿಂಪೆಟ್‌ಗಳ, ಕಡಲ ಬಸವನಹುಳುಗಳ ಚಿಪ್ಪುಗಳು ಹಾಗೇ ಸವೆದುಹೋಗಿದ್ದವು. ಮೈತುಂಬ ಮುಳ್ಳಿರುವ ಸೀ ಅರ್ಚಿನ್‌ಗಳು ಗುಳ್ಳೆ ಜಾಸ್ತಿ ಇದ್ದ ಕಡೆ ಸುಳಿದೇ ಇರಲಿಲ್ಲ.

ಮರಿಗಳ ಕಥೆ ತಿಳಿಯಲು ಅಲ್ಲಿನ ಸಂಶೋಧಕರು ಒಂದು ಸರಳ ಉಪಾಯ ಮಾಡಿದರು. ಪಾತ್ರೆ ಉಜ್ಜುವ ನೈಲಾನ್ ಸ್ಕ್ರಬ್ಬರ್‌ಗಳನ್ನು ನೀರಿನಲ್ಲಿ ಕಟ್ಟಿ ಕೆಲವು ವಾರ ಬಿಟ್ಟರು. ತೇಲಿಬರುವ ಎಳೆಯ ಜೀವಿಗಳು ಅದರಲ್ಲಿ ಬಂದು ನೆಲೆಸುತ್ತವೆ. ಹುಳಿ ನೀರಿನಲ್ಲಿ ಬಸವನಹುಳುಗಳ ಮತ್ತು ಎರಡು ಚಿಪ್ಪಿನ ಜೀವಿಗಳ ಮರಿಗಳು ತೀರಾ ಕಡಿಮೆ. ಆದರೆ ಸೀಗಡಿ ಜಾತಿಗೆ ಹತ್ತಿರದ ಸಣ್ಣ ಜೀವಿಗಳು, ಕೆಲವು ಹುಳುಗಳು ಸುಮಾರಾಗಿ ಇದ್ದವು. ಹಾಗಾಗಿ ಎಲ್ಲವೂ ಸತ್ತುಹೋಗುತ್ತದೆ ಎಂದು ಹೇಳುವುದು ಸರಿಯಲ್ಲ. ಕೆಲವು ತಾಳಿಕೊಳ್ಳುತ್ತವೆ. ಬಗೆಬಗೆಯ ಜೀವಿಗಳಿದ್ದ ಊರು ಕೆಲವೇ ಬಗೆಯವರ ಊರಾಗುತ್ತದೆ.

ಹುಲ್ಲಿಗೂ ಲಾಭವೆಲ್ಲ ದಕ್ಕುವುದಿಲ್ಲ. ಗುಳ್ಳೆಗಳ ಬಳಿ ಅದು ಒತ್ತೊತ್ತಾಗಿ ಬೆಳೆದಿದ್ದರೂ ಎಲೆಗಳು ಗಿಡ್ಡ. ಸಾಲ್ಪಾ ಎಂಬ ಮೀನುಗಳು ಅಲ್ಲಿ ಹೆಚ್ಚು ಮೇಯುತ್ತವೆ. ಎಲೆಗಳ ತುದಿಯಲ್ಲಿ ಅವುಗಳ ಹಲ್ಲಿನ ಗುರುತು ಕಾಣುತ್ತದೆ. ಸುಣ್ಣದ ಪದರ ಹೋದ ಎಲೆ ಮೆತ್ತಗೆ, ತಿನ್ನಲು ಸಲೀಸು. ಸಿಸಿಲಿಯ ಹತ್ತಿರದ ವುಲ್ಕಾನೊ ದ್ವೀಪದಲ್ಲೂ ಅಮೆರಿಕದ ಚೆಸಪೀಕ್ ಕೊಲ್ಲಿಯಲ್ಲೂ ಬೇರೆ ಜಾತಿಯ ನೀರುಹುಲ್ಲುಗಳ ಮೇಲೆ ನಡೆದ ಅಧ್ಯಯನ 2012ರಲ್ಲಿ ಇನ್ನೊಂದು ವಿಷಯ ತಿಳಿಸಿತು. ಇಂಗಾಲದ ಡೈಆಕ್ಸೈಡ್ ಹೆಚ್ಚಾದಾಗ ಎಲೆಯಲ್ಲಿನ ಫೀನಾಲಿಕ್ ವಸ್ತುಗಳು ಕಡಿಮೆಯಾಗಿದ್ದವು. ಚಹಾಕ್ಕೆ, ಹಸಿ ಅಡಿಕೆಗೆ ಒಗರು ಕೊಡುವಂಥ ವಸ್ತುಗಳಿವು. ಗಿಡ ತನ್ನನ್ನು ಮೇಯುವವರಿಂದಲೂ ರೋಗದಿಂದಲೂ ಕಾಪಾಡಿಕೊಳ್ಳಲು ಇಟ್ಟುಕೊಂಡ ಆಯುಧ ಅದು.

ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕಾಡುವುದು ಒಂದು ಪುಟ್ಟ ಹಸಿರು ಸೀಗಡಿಯ ವಿಷಯ. ಹಿಪ್ಪೊಲೈಟ್ ಇನರ್ಮಿಸ್ ಎಂಬ ಇದು ಪೊಸಿಡೋನಿಯಾದ ಎಲೆಗಳ ನಡುವೆ ಎಲೆಯದೇ ಬಣ್ಣದಲ್ಲಿ ಅಡಗಿರುತ್ತದೆ. ಸಾಮಾನ್ಯವಾಗಿ ಮೊದಲು ಗಂಡಾಗಿ ಬೆಳೆದು ಆಮೇಲೆ ಹೆಣ್ಣಾಗುತ್ತದೆ. ಆದರೆ ವಸಂತದಲ್ಲಿ ಹುಟ್ಟಿದ ಮರಿಗಳು ಎಲೆಗೆ ಅಂಟಿದ ಕಾಕೊನೀಸ್ ಎಂಬ ಸೂಕ್ಷ್ಮ ಪಾಚಿಯನ್ನು ತಿಂದರೆ ಗಂಡಿನ ಹಂತವನ್ನೇ ದಾಟಿ ನೇರವಾಗಿ ಹೆಣ್ಣಾಗುತ್ತವೆ. ಹೀಗೆ ಗಂಡು ಹೆಣ್ಣುಗಳ ಲೆಕ್ಕವೇ ಎಲೆಯ ಮೇಲೆ ಏನು ಬೆಳೆದಿದೆ ಎಂಬುದರ ಜೊತೆ ಹೆಣೆದುಕೊಂಡಿದೆ. ಹುಲ್ಲುಗಾವಲಿನ ಪ್ರಾಣಿಗಳು ಇಂಥ ಪಾಚಿಗಳನ್ನು ವಾಸನೆಯಿಂದ ಗುರುತಿಸುತ್ತವೆ. ಹುಳಿ ನೀರಿನಲ್ಲಿ ಆ ವಾಸನೆಗೆ ಅವು ಸ್ಪಂದಿಸುವ ರೀತಿಯೇ ಬದಲಾಗುತ್ತದೆ ಎಂದು ಪ್ರಯೋಗಗಳು ತೋರಿಸಿವೆ. ಚಿಪ್ಪು ಕರಗಿದ್ದು ಕಣ್ಣಿಗೆ ಕಾಣುತ್ತದೆ. ಊಟದ ದಾರಿ ತಪ್ಪಿದ್ದು ಕಾಣುವುದಿಲ್ಲ.

ಹುಲ್ಲು ತಿರುಗಿ ಕಡಲಿಗೆ ಉಪಕಾರ ಮಾಡುವುದೂ ಉಂಟು. ಹಗಲಲ್ಲಿ ಅದು ಇಂಗಾಲದ ಡೈಆಕ್ಸೈಡ್ ಹೀರಿದಂತೆ ಸುತ್ತಲಿನ ನೀರಿನ ಪಿಎಚ್ ಏರುತ್ತದೆ. ರಾತ್ರಿ ಉಸಿರಾಡುವಾಗ ಇಳಿಯುತ್ತದೆ. ಕ್ಯಾಲಿಫೋರ್ನಿಯಾದ ಕರಾವಳಿಯ ಏಳು ಹುಲ್ಲುಗಾವಲುಗಳಲ್ಲಿ ಆರು ವರ್ಷ ಅಳೆದು ನೋಡಿದ ಸಂಶೋಧಕರು 2021ರಲ್ಲಿ ಹೇಳಿದ್ದು ಇದು: ಕೆಲವು ಕಡೆ ನೀರಿನ ಆಮ್ಲಗುಣ ಶೇ 30ರವರೆಗೂ ತಗ್ಗಿತ್ತು, ಕೆಲವೊಮ್ಮೆ ರಾತ್ರಿಯೂ ಸೇರಿದಂತೆ ದಿನಗಟ್ಟಲೆ ಹಾಗೇ ಉಳಿದಿತ್ತು. ಹತ್ತಿರದ ಸಿಂಪಿಗಳಿಗೆ ಇದು ದೊಡ್ಡ ಆಸರೆ. ಆದರೆ ಇದು ಜಾಗ, ಹರಿವು, ಋತು ನೋಡಿ ಬದಲಾಗುತ್ತದೆ. ಹುಲ್ಲು ನೆಟ್ಟುಬಿಟ್ಟರೆ ಸಾಕು, ಹೊಗೆ ಬಿಡುತ್ತಲೇ ಇರಬಹುದು ಎಂಬ ಮಾತನ್ನು ಮಾತ್ರ ನಾನು ಒಪ್ಪಲಾರೆ. ಅದೇ ಹೊಗೆ ಕಡಲನ್ನು ಬಿಸಿಯೂ ಮಾಡುತ್ತಿದೆ. ಮೆಡಿಟರೇನಿಯನ್ ನೀರು ಬೇಸಿಗೆಯಲ್ಲಿ 28 ಡಿಗ್ರಿ ದಾಟಿದರೆ ಪೊಸಿಡೋನಿಯಾ ಸೊರಗುತ್ತದೆ. ಒಂದು ಕೈಯಲ್ಲಿ ಉಣಿಸಿ ಇನ್ನೊಂದು ಕೈಯಲ್ಲಿ ಬೇಯಿಸಿದರೆ ಅದು ಬದುಕುವುದು ಹೇಗೆ?

ಮೇಲಾಗಿ ಇದು ಬಹಳ ನಿಧಾನವಾಗಿ ಹಬ್ಬುವ ಹುಲ್ಲು. ವರ್ಷಕ್ಕೆ ಕೆಲವೇ ಸೆಂಟಿಮೀಟರ್. ಸ್ಪೇನಿನ ಫೊರ್ಮೆಂಟೇರಾ ದ್ವೀಪದ ಬಳಿ ಸುಮಾರು 8 ಕಿಲೋಮೀಟರ್ ಉದ್ದಕ್ಕೆ ಹಬ್ಬಿದ ಒಂದೇ ಗಿಡವನ್ನು 2006ರಲ್ಲಿ ಗುರುತಿಸಲಾಯಿತು. ಅಷ್ಟು ದೂರ ತಲುಪಲು ಅದು ಸಾವಿರಾರು ವರ್ಷ ಬೆಳೆದಿರಬೇಕು. ದೋಣಿಯೊಂದು ಲಂಗರು ಎಳೆದು ಕಿತ್ತ ಜಾಗ ಮತ್ತೆ ತುಂಬಲು ದಶಕಗಳೇ ಬೇಕು. ಅದಕ್ಕಾಗಿ 2018ರಲ್ಲಿ ಫೊರ್ಮೆಂಟೇರಾ ಸೇರಿರುವ ಬ್ಯಾಲಿಯಾರಿಕ್ ದ್ವೀಪಗಳ ಸರ್ಕಾರ ಪೊಸಿಡೋನಿಯಾದ ಮೇಲೆ ಲಂಗರು ಹಾಕುವುದನ್ನೇ ನಿಷೇಧಿಸಿತು. ಈಗ ಅಲ್ಲಿಗೆ ಬರುವ ದೋಣಿಯವರು ನೀರಿನ ಬಣ್ಣ ನೋಡಿ, ಕಪ್ಪಾಗಿ ಕಾಣುವ ಹುಲ್ಲನ್ನು ತಪ್ಪಿಸಿ, ಬಿಳಿ ಮರಳಿನ ಮೇಲೆ ಲಂಗರು ಇಳಿಸಬೇಕು.