ಇಬ್ಬರು ರ‍್ಯಾಪರ್, ಒಂದೇ ಬೀಟು: ‘ಓಟಿಸ್’ ಕೇಳಿ ಬರೆದ ಟಿಪ್ಪಣಿ

ಕಾಲೇಜು ಫೆಸ್ಟ್‌ನಲ್ಲಿ ಇಬ್ಬರು ಸೇರಿ ಕನ್ನಡ ರ‍್ಯಾಪ್ ಹಾಡಬೇಕು ಅಂತಿರುವ ನಮ್ಮ ತುಮಕೂರಿನ ಗೆಳೆಯರಿಗೆ ಈ ಟಿಪ್ಪಣಿ. ಪಾಠಕ್ಕೆ ನಾವು ಹಿಡಿದಿದ್ದು ಅಮೆರಿಕದ ರ‍್ಯಾಪರ್‌ಗಳಾದ ಜೇ-ಝೀ ಮತ್ತು ಕಾನ್ಯೆ ವೆಸ್ಟ್ ಜೊತೆಯಾಗಿ ಮಾಡಿದ ‘ಓಟಿಸ್’ ಹಾಡು. 2011ರ ‘ವಾಚ್ ದ ಥ್ರೋನ್’ ಆಲ್ಬಮ್‌ನದು. ಮರುವರ್ಷ ಇದಕ್ಕೆ ಗ್ರ್ಯಾಮಿ ಬಂತು. 2001ರಲ್ಲಿ ಜೇ-ಝೀಯ ‘ದ ಬ್ಲೂಪ್ರಿಂಟ್’ ಆಲ್ಬಮ್‌ಗೆ ಬೀಟ್ (ಮಾತಿನ ಹಿಂದೆ ಓಡುವ ಸಂಗೀತ) ಮಾಡಿಕೊಟ್ಟವರಲ್ಲಿ ಕಾನ್ಯೆಯೂ ಒಬ್ಬ. ಹತ್ತು ವರ್ಷದ ಮೇಲೆ ಅದೇ ಜೇ-ಝೀ ಪಕ್ಕದಲ್ಲಿ ಸಮಸಮವಾಗಿ ನಿಂತು ಹಾಡಿದ್ದಾನೆ. ನನಗೆ ಈ ಹಾಡು ಇಷ್ಟವಾಗಲು ಇದೂ ಒಂದು ಕಾರಣ.

ಹಾಡಿನ ಬೀಟು ಅಮೆರಿಕದ ಗಾಯಕ ಓಟಿಸ್ ರೆಡ್ಡಿಂಗ್ 1966ರಲ್ಲಿ ಹಾಡಿದ ‘ಟ್ರೈ ಎ ಲಿಟಲ್ ಟೆಂಡರ್‌ನೆಸ್’ನಿಂದ ಬಂದದ್ದು. ರೆಡ್ಡಿಂಗ್ 1967ರಲ್ಲೇ ವಿಮಾನ ಅಪಘಾತದಲ್ಲಿ ತೀರಿಕೊಂಡ. ಅವನ ದನಿಯನ್ನು ತುಂಡು ಮಾಡಿ ಸುತ್ತಿ ಸುತ್ತಿ ಬರುವ ಹಾಗೆ ಜೋಡಿಸಿದ್ದಾರೆ. ಬೇರೆ ಪಲ್ಲವಿ ಇಲ್ಲ. ಆ ದನಿಯೇ ಪಲ್ಲವಿಯ ಕೆಲಸ ಮಾಡುತ್ತದೆ. ಅದರ ಮೇಲೆ ಇಬ್ಬರೂ ಸರದಿ ಬದಲಿಸುತ್ತಾ ಹೋಗುತ್ತಾರೆ.

ಈ ಸರದಿ ಬದಲಾಗುವ ಜಾಗವೇ ಕಷ್ಟದ್ದು. ನಿಧಾನವಾಗಿ ನೋಡೋಣ.

ಇಲ್ಲಿಂದ ಮುಂದೆ ಎಣಿಕೆಯಲ್ಲಿ ಬೀಟು ಅಂದರೆ ತಾಳದ ಒಂದು ಪೆಟ್ಟು. ಒಂದು ಬಾರ್ ಅಂದರೆ ನಾಲ್ಕು ಬೀಟು. ಎರಡನೇ ಮತ್ತು ನಾಲ್ಕನೇ ಬೀಟಿಗೆ ಸ್ನೇರ್ ಡ್ರಮ್ಮು ‘ಟಪ್’ ಅನ್ನುತ್ತದೆ. ಒಂದು ಬೀಟಿಗೆ ನಾಲ್ಕು ಮಾತ್ರೆ ಇಟ್ಟುಕೊಳ್ಳಿ, ಬಾರ್‌ಗೆ ಹದಿನಾರು. ಹೈಸ್ಕೂಲಿನ ಛಂದಸ್ಸು ಇಲ್ಲಿ ಚೆನ್ನಾಗಿ ಕೆಲಸಕ್ಕೆ ಬರುತ್ತದೆ: ಲಘು ಒಂದು, ಗುರು ಎರಡು. ನಮ್ಮೂರಿನ ಅಮಾನಿಕೆರೆ ನೆನೆದು ಬರೆದ ಎರಡು ಸಾಲು (ಒಂದೊಂದು ಮನೆ ಒಂದೊಂದು ಬೀಟು, ‘–’ ಅಂದರೆ ಒಂದು ಮಾತ್ರೆ ಸುಮ್ಮನಿರುವುದು):

ಕೆರೆಯಲಿ | ಸಂಜೆಯ | ಗಾಳಿ – | ನಾನೂ
ಬಂದೆನು | ಬೀಟನು | ಕೇಳಿ – | …

‘ಗಾಳಿ’ವರೆಗೆ ಮೊದಲನೆಯವನ ಮಾತು. ‘ನಾನೂ’ ಅಂತ ಹಿಡಿಯುವುದು ಎರಡನೆಯವನು. ಅರ್ಥದ ಪ್ರಕಾರ ‘ನಾನೂ ಬಂದೆನು ಬೀಟನು ಕೇಳಿ’ ಒಂದೇ ಸಾಲು, ಅಲ್ವಾ? ಆದರೆ ಎಣಿಕೆಯಲ್ಲಿ ‘ನಾನೂ’ ಹಿಂದಿನ ಬಾರ್‌ಗೆ ಸೇರಿದೆ. ಅದು ನಾಲ್ಕನೇ ಬೀಟು, ಸರಿಯಾಗಿ ಸ್ನೇರ್ ಮೇಲೆ ಕೂತಿದೆ. ಬಾರ್ ಶುರುವಾಗುವುದು ‘ಬಂ’ ಮೇಲೆ. ಅಂದರೆ ಬಾರ್ ಒಂದನೇ ಬೀಟಿಗೇ ಶುರುವಾಗುತ್ತದೆ, ಮಾತು ಅಲ್ಲೇ ಶುರುವಾಗಬೇಕು ಅಂತೇನಿಲ್ಲ. ಎರಡನೆಯವನು ಒಂದನೇ ಬೀಟು ಬರಲಿ ಅಂತ ಕಾದರೆ ನಾಲ್ಕನೇ ಮನೆ ಖಾಲಿ ಬಿದ್ದು ಹಾಡು ಅಲ್ಲಿ ಕುಂಟುತ್ತದೆ. ಅದಕ್ಕೇ ಹಾಳೆಯಲ್ಲಿ ಸಾಲು ಸಾಲಾಗಿ ಬರೆಯಬೇಡಿ. ಬಾರ್‌ಗೆ ನಾಲ್ಕು ಮನೆ ಗೀಟು ಹಾಕಿ, ಒಬ್ಬೊಬ್ಬರಿಗೆ ಒಂದೊಂದು ಬಣ್ಣದ ಪೆನ್ನು. ಮೊದಲನೆಯವನಿಗೆ ಉಸಿರು ತೆಗೆದುಕೊಳ್ಳಲು ಆ ನಾಲ್ಕನೇ ಬೀಟು ಸಿಗುತ್ತದೆ, ಅದು ಇನ್ನೊಂದು ಲಾಭ.

ಪ್ರಾಸದ ಬಗ್ಗೆ ಒಂದೇ ಮಾತು: ‘-ಲ್ಲಿ’, ‘-ತ್ತೆ’ ಅಂತ ಮುಗಿಸಿದರೆ ಕನ್ನಡದಲ್ಲಿ ಪ್ರಾಸ ಸುಮ್ನೆ ಸಿಕ್ಕಿಬಿಡುತ್ತದೆ, ಹಾಗಾಗಿ ಅದಕ್ಕೆ ತೂಕ ಇಲ್ಲ. ‘ಗಾಳಿ–ಕೇಳಿ’ ಥರ ಪದದ ಒಡಲಿನಿಂದಲೇ ಬರಲಿ.

ವೇಗ ನಿಮಿಷಕ್ಕೆ 90 ಬೀಟು ಇಟ್ಟರೆ 16 ಬಾರ್, ಅಂದರೆ 64 ಬೀಟು, ಸುಮಾರು 43 ಸೆಕೆಂಡ್. ಫೋನಿನ ಮೆಟ್ರೊನೋಮ್ (ಟಿಕ್ ಟಿಕ್ ಅಂತ ತಾಳ ಕೊಡುವ ಆ್ಯಪ್) ಹಾಕಿಕೊಂಡು ಮೊದಲು 60ರಲ್ಲಿ ಹೇಳಿ ನೋಡಿ. ಸರದಿ ಬದಲಾಗುವ ನಾಲ್ಕನೇ ಬೀಟಿಗೆ ಮಾತ್ರ ಇಬ್ಬರೂ ಚಪ್ಪಾಳೆ ತಟ್ಟಿ. ಚಪ್ಪಾಳೆ ಒಟ್ಟಿಗೆ ಬೀಳುವವರೆಗೂ ವೇಗ ಏರಿಸಬೇಡಿ.